ಕರಾರಿನಲ್ಲಿಲ್ಲದ ಗಂಡಸರು

ಮಾನ್ಯ ವಸತಿ ನಿರ್ದೇಶಕರೇ,

ನಮ್ಮ ಕಟ್ಟಡಗಳ ಹೆಂಗಸರೆಲ್ಲ ಸನ್ಯಾಸಿನಿಯರೆಂದು ನಿಮ್ಮ ಕಚೇರಿ ನಂಬಿದೆ. ಆ ನಂಬಿಕೆಯಿಂದ ಇಲ್ಲಿ ನಡೆಯುತ್ತಿದ್ದ ಎಚ್‌ಐವಿ ಪರೀಕ್ಷೆ ನಿಂತುಹೋಯಿತು. ಪರೀಕ್ಷೆ ನಿಂತದ್ದರಿಂದ ನನ್ನ ಗೆಳತಿಯೊಬ್ಬಳ ಕಾಯಿಲೆ ಎರಡು ವರ್ಷ ತಡವಾಗಿ ಗೊತ್ತಾಯಿತು. ಇವತ್ತು ಇದೇ ಕಟ್ಟಡಗಳಲ್ಲಿ ಇನ್ನೊಬ್ಬ ಹೆಂಗಸು, ತನಗೂ ಅದು ತಗುಲಿರಬಹುದೆಂಬ ಸುಳಿವೇ ಇಲ್ಲದೆ ಪಾತ್ರೆ ತೊಳೆಯುತ್ತಿದ್ದಾಳೆ. ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ಹೇಳಿದ್ದೇನೆ. ಅಲ್ಲಿದ್ದವರು ಆರೋಗ್ಯ ಇಲಾಖೆಗೆ ಹೋಗಿ ಎಂದರು. ಆರೋಗ್ಯ ಇಲಾಖೆಯವರು ವಸತಿ ಕಚೇರಿಗೆ ಹೋಗಿ ಎಂದರು. ಎರಡರ ನಡುವೆ ಎರಡು ಬಸ್ಸು ಬದಲಿಸಬೇಕು, ನನಗೆ ಮಂಡಿ ನೋವು. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಪೋರ್ಟೊ ರಿಕೊದಿಂದ ಈ ಹಿಮದೂರಿಗೆ ಬಂದಾಗ ನನ್ನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಅಂದಿನಿಂದ ನಿಮ್ಮ ನಾಲ್ಕನೇ ಕಟ್ಟಡದಲ್ಲಿದ್ದೇನೆ. ಸಂಬಳ ಅಡುಗೆಗೆ ಸಿಗುತ್ತದೆ, ಆದರೆ ದಿನದ ಅರ್ಧ ಹೋಗುವುದು ಮಾತು ದಾಟಿಸುವುದರಲ್ಲಿ. ಇಂಗ್ಲಿಷ್ ಬಾರದ ಹೆಂಗಸರನ್ನು ಆಸ್ಪತ್ರೆಗೆ, ಶಾಲೆಗೆ, ನಿಮ್ಮ ಕಿಟಕಿಗೆ ಕರೆದುಕೊಂಡು ಹೋಗಿ ಅವರದನ್ನು ಇವರಿಗೆ, ಇವರದನ್ನು ಅವರಿಗೆ ಹೇಳುತ್ತೇನೆ. ಪ್ರತಿಯಾಗಿ ಒಂದು ಡಬ್ಬಿ ತೊಗರಿಕಾಳಿನ ಅನ್ನ ಬರುತ್ತದೆ, ಇಲ್ಲವೇ ಹುಟ್ಟಿದ ಮಗುವಿಗೆ ದೇವತಾಯಿಯಾಗು ಎಂಬ ಕರೆ ಬರುತ್ತದೆ. ಹೀಗೆ ಅರ್ಧ ಕಟ್ಟಡದ ಮಕ್ಕಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತವಳು ನಾನೇ. ಅವರ ತಾಯಂದಿರು ನನ್ನನ್ನು ಕೊಮಾದ್ರೆ ಎನ್ನುತ್ತಾರೆ, ನಾನೂ ಅವರನ್ನು ಹಾಗೇ ಕರೆಯುತ್ತೇನೆ. ನಮ್ಮಲ್ಲಿ ಅದು ಒಡಹುಟ್ಟಿದವಳಿಗಿಂತ ಹತ್ತಿರದ ಸಂಬಂಧ. ಈ ಪತ್ರದ ಗೆಳತಿಯೂ ನನ್ನ ಕೊಮಾದ್ರೆ. ಅವಳನ್ನು ಮಿಗ್ದಾಲಿಯಾ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ. ನನ್ನ ಕೊಮಾದ್ರೆಯರಲ್ಲಿ ಅವಳು ಯಾರೆಂದು ಹುಡುಕಲು ಹೊರಟರೆ ನಿಮ್ಮ ಸಿಬ್ಬಂದಿಗೆ ಬೇರೆ ಕೆಲಸಕ್ಕೆ ಬಿಡುವೇ ಸಿಗದು. ಈಗ ಅವರು ಕೆಲಸದಲ್ಲಿ ಮುಳುಗಿದ್ದಾರೆಂದು ನಾನು ಹೇಳುತ್ತಿಲ್ಲ.

ನಿಮ್ಮ ಬಾಡಿಗೆ ಕರಾರಿನ ವಿಷಯಕ್ಕೆ ಬರುತ್ತೇನೆ. ಕರಾರಿನಲ್ಲಿ ಹೆಸರಿಲ್ಲದವರು ಮನೆಯಲ್ಲಿ ವಾಸಿಸುವಂತಿಲ್ಲ. ಹೆಸರು ಸೇರಿಸಿಬಿಡಿ ಎನ್ನುತ್ತೀರಿ. ಸೇರಿಸಲು ಹೋದರೆ ಗಂಡಸಿನ ಹಳೆಯ ಬದುಕನ್ನೆಲ್ಲ ಕೆದಕುತ್ತೀರಿ. ಇಪ್ಪತ್ತರ ವಯಸ್ಸಿನಲ್ಲಿ ಬೀದಿ ಮೂಲೆಯಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದವನು ನಲವತ್ತರಲ್ಲಿ ಛಾವಣಿ ಹಾಕುವ ಕೆಲಸಕ್ಕೆ ಬೆಳಗಿನ ಜಾವವೇ ಎದ್ದು ಹೋಗುತ್ತಿದ್ದರೂ ನಿಮ್ಮ ಲೆಕ್ಕದಲ್ಲಿ ಅವನು ಬೀದಿ ಮೂಲೆಯಲ್ಲೇ ನಿಂತಿದ್ದಾನೆ. ಅಂಥದ್ದೇನೂ ಇಲ್ಲದವನಾದರೆ ಅವನ ದುಡಿಮೆಯನ್ನು ಸೇರಿಸಿ ಬಾಡಿಗೆ ಏರಿಸುತ್ತೀರಿ, ಆಮೇಲೆ ಅವನ ಕೆಲಸ ಹೋದರೆ ಇಳಿಸಲು ತಿಂಗಳುಗಟ್ಟಲೆ ಅಲೆಸುತ್ತೀರಿ. ಹೆಂಗಸರು ಏನು ಮಾಡಬೇಕು? ಏನು ಮಾಡಬಹುದೋ ಅದನ್ನು ಮಾಡಿದರು. ಗಂಡಸರನ್ನು ಮನೆಯಲ್ಲಿ ಇಟ್ಟುಕೊಂಡರು, ಕಾಗದದಿಂದ ತೆಗೆದುಹಾಕಿದರು.

ವರ್ಷಕ್ಕೊಮ್ಮೆ ನಿಮ್ಮವರು ಮನೆ ತಪಾಸಣೆಗೆ ಬರುತ್ತಾರಲ್ಲ, ಆ ದಿನ ನಮ್ಮ ಕಟ್ಟಡದಲ್ಲಿ ಏನು ನಡೆಯುತ್ತಿತ್ತೆಂದು ಈಗ ಹೇಳಬಹುದು. ನೆಲಮಹಡಿಯಲ್ಲಿ ಡಾನ್ ಸೆಫೆರಿನೊ ಎಂಬ ಮುದುಕರಿದ್ದರು; ಡಾನ್ ಎಂಬುದು ನಮ್ಮಲ್ಲಿ ಹಿರಿಯರನ್ನು ಮರ್ಯಾದೆಯಿಂದ ಕರೆಯುವ ಮಾತು. ನಮ್ಮಲ್ಲಿ ಕರಾರಿನಲ್ಲಿ ಹೆಸರಿದ್ದ ಗಂಡಸು ಅವರೊಬ್ಬರೇ. ತಪಾಸಣೆಯ ಹಿಂದಿನ ದಿನ ಇಡೀ ಕಟ್ಟಡದ ಗಂಡಸರ ಬೂಟು, ಕ್ಷೌರದ ಸಾಮಾನು, ಕೆಲಸದ ಟೋಪಿ, ಬೆಲ್ಟು ಎಲ್ಲ ಚೀಲಗಳಲ್ಲಿ ಅವರ ಮನೆಗೆ ಇಳಿಯುತ್ತಿದ್ದವು. ಒಮ್ಮೆ ನಿಮ್ಮ ತಪಾಸಣೆಯ ಹುಡುಗಿ ಅವರ ಕಪಾಟು ತೆರೆದು ನೋಡಿ ಬೆಪ್ಪಾದಳು. ಮಾತು ದಾಟಿಸಲು ನಾನೂ ಅಲ್ಲೇ ಇದ್ದೆ.

“ಇಷ್ಟೊಂದು ಬೂಟು ಯಾರದು?” ಎಂದಳು.

“ನಂದೇ ಕಣಮ್ಮ,” ಎಂದರು ಡಾನ್ ಸೆಫೆರಿನೊ.

“ಬೇರೆ ಬೇರೆ ಅಳತೆ ಇದಾವಲ್ಲ?”

“ವಯಸ್ಸಾದ್ಮೇಲೆ ನಿಂಗೂ ಗೊತ್ತಾಗುತ್ತೆ. ಬೆಳಿಗ್ಗೆ ಒಂದಳತೆ, ಸಂಜೆ ಒಂದಳತೆ. ಕಾಲು ಊದ್ಕೊಳ್ಳುತ್ತೆ.”

ಹುಡುಗಿ ನಗು ತಡೆದುಕೊಂಡು ಹೊರಟುಹೋದಳು. ಒಳ್ಳೆಯ ಹುಡುಗಿ. ಡಾನ್ ಸೆಫೆರಿನೊ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೇ ಅವರ ಹೆಸರು ಬರೆದೆ. ಅವರ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಸ್ಮಶಾನದ ವಿಳಾಸ ಕೊಡುತ್ತೇನೆ.

ಹೀಗೆ ವರ್ಷಗಟ್ಟಲೆ ಸುಳ್ಳು ಹೇಳಿ ಹೇಳಿ ನಮ್ಮ ನಾಲಿಗೆಗೆ ಅದೇ ರೂಢಿಯಾಯಿತು. ನಿಮ್ಮ ಲಾಂಛನದ ಕೆಳಗೆ ಕುಳಿತು ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ತಾನಾಗಿಯೇ ಬರುತ್ತದೆ: ನಾನೊಬ್ಬಳೇ ಇರೋದು, ಗಂಡಸು ಯಾರೂ ಇಲ್ಲ. ಇದು ಗೊತ್ತಿದ್ದೋ ಗೊತ್ತಿಲ್ಲದೆಯೋ, ಮೂರು ವರ್ಷದ ಹಿಂದೆ ಬಂದ ಆರೋಗ್ಯ ಸಮೀಕ್ಷೆಯವರಿಗೆ ನೀವು ಕೊಟ್ಟ ಜಾಗ ಯಾವುದು? ಮ್ಯಾನೇಜರರ ಕೋಣೆಗೆ ಅಂಟಿಕೊಂಡಿರುವ ಸಮುದಾಯ ಕೋಣೆ. ಅವತ್ತು ಚಳಿ ಹೆಚ್ಚಿತ್ತು, ಹೀಟರ್ ಇದ್ದದ್ದು ಮ್ಯಾನೇಜರರ ಕೋಣೆಯಲ್ಲಿ ಮಾತ್ರ. ಬಿಸಿ ಬರಲೆಂದು ನಡುವಿನ ಬಾಗಿಲನ್ನು ತೆರೆದೇ ಇಟ್ಟಿದ್ದರು. ಒಳಗೆ ಮ್ಯಾನೇಜರ್ ಕಾಫಿ ಕುಡಿಯುತ್ತಿರುವುದು ಕಾಣುತ್ತಿತ್ತು. ಸ್ಪ್ಯಾನಿಷ್ ಬಲ್ಲ, ನಗುಮುಖದ ನರ್ಸೊಬ್ಬಳು ನಮ್ಮನ್ನು ಒಬ್ಬೊಬ್ಬರಾಗಿ ಕೂರಿಸಿ, ನೀವು ಹೇಳಿದ್ದು ಈ ಕೋಣೆ ದಾಟುವುದಿಲ್ಲ ಎಂದು ಹೇಳಿ, ಸಂಗಾತಿ ಇದ್ದಾರೆಯೇ, ಈ ವರ್ಷ ಯಾರೊಂದಿಗಾದರೂ ಇದ್ದಿರಾ ಎಂದು ಕೇಳಿದಳು. ಇಲ್ಲ, ಇಲ್ಲ, ಇಲ್ಲ ಎಂದೆವು. ತುಂಬು ಗರ್ಭಿಣಿಯೊಬ್ಬಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದೇ ಉತ್ತರ ಕೊಟ್ಟಳು.

ನರ್ಸ್ ಅವಳ ಹೊಟ್ಟೆ ನೋಡಿದಳು. “ಯಾರೂ ಇಲ್ವಾ?”

“ಯಾರೂ ಇಲ್ಲ.”

ಸಾಲಿನಲ್ಲಿದ್ದ ಯಾರೋ ಹಿಂದಿನಿಂದ, “ಬೈಬಲಿನ ಕನ್ಯೆಗೆ ಬಂದ ಹಾಗೆ ಇವಳಿಗೂ ದೇವದೂತ ಬಂದು ಹೇಳಿ ಹೋದನಂತೆ ಬಿಡಮ್ಮ,” ಎಂದಳು. ಎಲ್ಲರೂ ನಕ್ಕೆವು. ನರ್ಸೂ ನಕ್ಕಳು. ಆದರೆ ಹೇಳಿದ್ದನ್ನೇ ಬರೆದುಕೊಂಡಳು, ಪಾಪ, ಅವಳ ಕೆಲಸ ಅದು.

ಕೆಲವು ತಿಂಗಳ ನಂತರ ಲಿಫ್ಟಿನ ಪಕ್ಕ ನಿಮ್ಮ ಸೂಚನೆ ಬಂತು. ಈ ವಸತಿಯ ಮಹಿಳೆಯರಲ್ಲಿ ಅಪಾಯ ಕಡಿಮೆಯೆಂದು ಕಂಡುಬಂದಿರುವುದರಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಪರೀಕ್ಷಾ ವ್ಯಾನನ್ನು ಬೇರೆ ಕಡೆಗೆ ಕಳುಹಿಸಲಾಗಿದೆ ಎಂದಿತ್ತು. ಓದಿ ನಮಗೆ ಸ್ವಲ್ಪ ಹೆಮ್ಮೆಯೇ ಆಯಿತು ಎಂದರೆ ನಂಬುತ್ತೀರಾ? ಅಪಾಯವಿಲ್ಲದ ಹೆಂಗಸರು ನಾವು. ವ್ಯಾನಿನ ಮೈಮೇಲೆ ಏನಿತ್ತು? ಒಂದು ಸೂಜಿ, ದೀಪದ ಕಂಬಕ್ಕೆ ಒರಗಿ ನಿಂತ ಗಿಡ್ಡ ಲಂಗದ ಹುಡುಗಿ. ಅದು ಅಂಥವರಿಗೆ ಬರುವ ಕಾಯಿಲೆ ಎಂದು ಚಿತ್ರ ಹೇಳುತ್ತಿತ್ತು. ಅಂಗಳದ ನಟ್ಟನಡುವೆ, ಎಲ್ಲ ಕಿಟಕಿಗಳಿಗೂ ಕಾಣುವಂತೆ ನಿಂತ ಆ ವ್ಯಾನನ್ನು ಹತ್ತಲು ಯಾವ ತಾಯಿಗೆ ಧೈರ್ಯ ಬಂದೀತು? ಆದರೂ ಕತ್ತಲಾದ ಮೇಲೆ ಒಬ್ಬಿಬ್ಬರು ಹತ್ತುತ್ತಿದ್ದರು, ಅದೂ ನಿಂತಿತು. ಭಾನುವಾರ ಚರ್ಚಿಗೆ ಹೋಗುವವಳು, ಒಬ್ಬನನ್ನೇ ನಂಬಿ ಬಾಳುವವಳು, ಅವನ ಊಟದ ಡಬ್ಬಿಗೆ ಬಾಳೆಕಾಯಿ ಹುರಿದು ಹಾಕುವವಳು ತನಗೇನು ಅಪಾಯವೆಂದು ತಿಳಿದಾಳು? ಅವಳು ಏನೂ ತಪ್ಪು ಮಾಡಿಲ್ಲ. ಆ ಮಾತೇ ಅವಳಿಗೆ ಮುಳುವಾಯಿತು.

ಮಿಗ್ದಾಲಿಯಾ ಹಾಗೆ ಬಾಳಿದವಳು. ಎರಡು ಹೆಣ್ಣುಮಕ್ಕಳು. ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವ ಕಡೆ ಕೆಲಸ. ಕಾಗದದಲ್ಲಿಲ್ಲದೆ ಅವಳ ಮನೆಯಲ್ಲಿದ್ದವನನ್ನು ಬಿಟ್ಟರೆ ಅವಳ ಜೀವನದಲ್ಲಿ ಬೇರೆ ಗಂಡಸಿಲ್ಲ. ಕಳೆದ ವರ್ಷ ಕೆಮ್ಮು ಹಿಡಿಯಿತು. ಬಟ್ಟೆಯ ಧೂಳು ಎಂದಳು. ಸ್ಕರ್ಟು ಸಡಿಲವಾಯಿತು, ಒಳ್ಳೇದಾಯ್ತು, ಹೊಸ ಬಟ್ಟೆ ಹಾಕ್ಕೊಬಹುದು ಎಂದು ನಾವೇ ತಮಾಷೆ ಮಾಡಿದೆವು. ಒಂದು ದಿನ ಕೆಲಸದ ಜಾಗದಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಫೋನಿನಲ್ಲಿ ಮಾತು ದಾಟಿಸುವ ವ್ಯವಸ್ಥೆ ಇದೆಯಂತೆ, ಅವತ್ತು ಲೈನು ಸಿಗಲಿಲ್ಲ. ವೈದ್ಯರು ನನ್ನ ಕಡೆ ತಿರುಗಿ, ನೀವು ಅವರಿಗೆ ಹೇಳಬಹುದೇ ಎಂದರು. ಶಾಲೆಯ ಶುಲ್ಕ, ನೀರಿನ ಸೋರಿಕೆ, ಮಗುವಿನ ಕಿವಿನೋವು ಎಲ್ಲವನ್ನೂ ದಾಟಿಸಿದ ಬಾಯಿ ಇದು. ಆ ಒಂದು ವಾಕ್ಯವನ್ನು ಅವಳಿಗೆ ಹೇಳಬೇಕಾದವಳು ನಾನು. ಹೇಳಿದೆ.

ಅವಳು ನನ್ನ ತೋಳು ಹಿಡಿದು ವೈದ್ಯರ ಕಡೆ ತಿರುಗಿಸಿದಳು. “ಕೊಮಾದ್ರೆ, ನೀನು ತಪ್ಪು ಕೇಳಿಸ್ಕೊಂಡಿದೀಯ. ಇನ್ನೊಂದ್ಸಲ ಕೇಳು ಅವರನ್ನ.”

“ಕೇಳಿದೆ ಕಣೇ.”

“ನಾನು ಅಂಥವಳಲ್ಲ ಅಂತ ಹೇಳು. ಹೇಳು ಅವರಿಗೆ.”

ವೈದ್ಯರಿಗೆ ಹೇಳಿದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಈಗ ದಿನಕ್ಕೊಂದು ಮಾತ್ರೆ ನುಂಗಿಕೊಂಡು ಎಲ್ಲರಂತೆ ಬದುಕಬಹುದು, ಇನ್ನೂ ಮೊದಲೇ ಬಂದಿದ್ದರೆ ಶ್ವಾಸಕೋಶಕ್ಕೆ ಇಷ್ಟು ಪೆಟ್ಟಾಗುತ್ತಿರಲಿಲ್ಲ ಎಂದರು. ಅವಳು ಬದುಕಿದ್ದಾಳೆ. ಚೇತರಿಸಿಕೊಳ್ಳುತ್ತಿದ್ದಾಳೆ. ಆದರೆ ಕೊನೆಯ ಮಾತು, ಮೊದಲೇ ಬಂದಿದ್ದರೆ ಎಂಬುದು, ನಿಮ್ಮ ವ್ಯಾನು ಹೊರಟುಹೋದ ದಿನವನ್ನು ನನಗೆ ನೆನಪಿಸಿತು. ಅಂದಿನಿಂದ ನನಗೆ ಸಿಟ್ಟು ಬರುವುದೂ ನಿಂತಿದೆ, ಬರೀ ಸುಸ್ತು.

ಮನೆಗೆ ಬಂದ ಮೇಲೆ ಅವಳು ಅವನನ್ನು ಕೇಳಿದಳು. ಮಕ್ಕಳನ್ನು ನನ್ನ ಮನೆಗೆ ಕಳಿಸಿದ್ದಳು. ಅವನು ಕೂಗಾಡಲಿಲ್ಲವಂತೆ, ಅತ್ತನಂತೆ. ಇನ್ನೊಬ್ಬಳಿದ್ದಾಳೆ, ಇಲ್ಲೇ, ಈ ಕಟ್ಟಡಗಳಲ್ಲೇ ಎಂದನಂತೆ. ಯಾರು ಎಂದರೆ ಬಾಯಿ ಬಿಡಲಿಲ್ಲ. ಮಾರನೆಯ ದಿನ ಅವಳು ಮಾತ್ರೆ ತರಲು ಹೋಗಿದ್ದಾಗ ಬೂಟು ಹಾಕಿಕೊಂಡು ಹೊರಟುಹೋದ. ಯಾವ ಊರಿಗೆ, ಯಾರ ಮನೆಗೆ, ಯಾರಿಗೂ ಗೊತ್ತಿಲ್ಲ. ಯಾವ ಕಾಗದದಲ್ಲೂ ಇಲ್ಲದ ಮನುಷ್ಯನಿಗೆ ಮಾಯವಾಗುವುದು ಎಷ್ಟು ಸುಲಭ ನೋಡಿ. ಅವನು ಇಲ್ಲಿ ಇರಲೇ ಇಲ್ಲವೆಂದು ನಾವೆಲ್ಲ ಸೇರಿ ವರ್ಷಗಟ್ಟಲೆ ಸಾಕ್ಷಿ ಹೇಳಿದ್ದೆವಲ್ಲ.

ಆಸ್ಪತ್ರೆಯಲ್ಲಿ ಇದಕ್ಕೆಂದೇ ಒಬ್ಬ ಹೆಂಗಸಿದ್ದಾರೆ. ಅವನ ಹೆಸರು, ಅವನು ಎಲ್ಲೆಲ್ಲಿ ಇರುತ್ತಿದ್ದ ಎಂಬುದನ್ನು ಹೇಳಿದರೆ ಅವನನ್ನು ಹುಡುಕಿ, ಅವನಿಂದ ಇನ್ನೊಬ್ಬಳನ್ನು ಪತ್ತೆಮಾಡಿ, ಯಾರು ಹೇಳಿದರೆಂಬುದನ್ನು ಬಿಟ್ಟುಕೊಡದೆ ಅವಳಿಗೆ ತಿಳಿಸುತ್ತಾರೆ. ಒಳ್ಳೆಯ ವ್ಯವಸ್ಥೆ. ಮಿಗ್ದಾಲಿಯಾ ಕೇಳಿಸಿಕೊಂಡು, ಆಗದು ಎಂದು ತಲೆ ಅಲ್ಲಾಡಿಸಿದಳು.

“ಅವನು ನಿಮ್ಮ ಮನೇಲೇ ಇದ್ನಾ?” ಎಂದರು ಆಕೆ.

“ಯಾರೂ ಇರ್ಲಿಲ್ಲ. ನಾನೂ ನನ್ನ ಮಕ್ಕಳೂ ಅಷ್ಟೇ.”

“ನೋಡಮ್ಮ, ನೀವು ಹೇಳಿದ್ದು ವಸತಿ ಕಚೇರಿಗೆ ಹೋಗಲ್ಲ. ಇದು ಈ ಕೋಣೆ ದಾಟಲ್ಲ.”

ಮಿಗ್ದಾಲಿಯಾ ಕೋಣೆಯ ಬಾಗಿಲನ್ನೊಮ್ಮೆ ನೋಡಿದಳು. “ಅವತ್ತೂ ಹೀಗೇ ಅಂದಿದ್ರು,” ಎಂದು ನನಗೆ ಹೇಳಿದಳು. ನಾನು ದಾಟಿಸಲಿಲ್ಲ.

ಹೊರಗೆ ಬಂದ ಮೇಲೆ ನಾನು ಅವಳನ್ನು ಬೈದೆ. ಇನ್ನೊಬ್ಬಳು ಸಾಯ್ತಾಳಲ್ಲೇ ಎಂದೆ. ಅವಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತುಬಿಟ್ಟಳು.

“ನಂಗೊತ್ತಿಲ್ವಾ? ಮಲಗಿದ್ರೂ ಅವಳದೇ ಯೋಚನೆ. ಮೊದಲು ಅವಳ ಕೂದಲು ಕೀಳ್ಬೇಕು ಅಂತಿದ್ದೆ. ಈಗ ಅವಳಿಗೆ ಕೆಮ್ಮು ಶುರುವಾಗಿದ್ಯೋ ಏನೋ ಅನ್ಸುತ್ತೆ. ಆದ್ರೆ ಹೆಸರು ಹೇಳಿದ್ರೆ ವಿಳಾಸ ಕೇಳ್ತಾರೆ. ವಿಳಾಸ ಅಂದ್ರೆ ನನ್ನ ಮನೆ. ಮನೆ ಹೋದ್ರೆ ಮಕ್ಕಳನ್ನ ಎಲ್ಲಿ ಮಲಗಿಸ್ಲಿ, ಮಾತ್ರೆ ಎಲ್ಲಿಡ್ಲಿ? ನೀನೇ ಹೇಳು ಕೊಮಾದ್ರೆ, ನಾನು ಹಾಗೇ ಮಾಡ್ತೀನಿ.”

ನಾನೂ ಅವಳ ಪಕ್ಕ ಬೆಂಚಿನ ಮೇಲೆ ಕುಳಿತೆ. ಕಳೆದ ವಸಂತದಲ್ಲಿ ಆಚೆ ಕಟ್ಟಡದ ತಾಯಿಯೊಬ್ಬಳನ್ನು ಇದೇ ಕಾರಣಕ್ಕೆ ನೀವು ಹೊರಹಾಕಿದಿರಿ. ಅವಳ ಗಂಡಸು ಬಿಟ್ಟುಹೋಗಿ ತಿಂಗಳುಗಳೇ ಆಗಿದ್ದವು, ಆದರೂ ಅವನು ಇದ್ದದ್ದು ಅಪರಾಧವಾಯಿತು. ಸೋಫಾ ಮಳೆಯಲ್ಲಿ ಕಾಲುದಾರಿಯ ಮೇಲೆ ಮೂರು ದಿನ ಬಿದ್ದಿತ್ತು. ಅದನ್ನು ನೋಡಿದ ಹೆಂಗಸು ಯಾವ ಭರವಸೆಯನ್ನು ನಂಬಿಯಾಳು? ನೀವು ಹೇಳಿ, ನಾನು ಅದನ್ನು ಸ್ಪ್ಯಾನಿಷ್‌ಗೆ ದಾಟಿಸುತ್ತೇನೆ.

ಹೆಂಗಸರು ಕಾಂಡೋಮ್ ಬಳಸುವಂತೆ ಗಂಡಸರಿಗೆ ಹೇಳಬೇಕು ಎಂದು ನಿಮ್ಮ ಕರಪತ್ರ ಬುದ್ಧಿ ಹೇಳುತ್ತದೆ. ಬರೆದವರಿಗೆ ಮದುವೆಯಾಗಿರಲಿಕ್ಕಿಲ್ಲ. ಹತ್ತು ವರ್ಷ ಜೊತೆಗಿದ್ದವನಿಗೆ ಒಂದು ದಿನ ಹಾಗೆಂದರೆ ಅವನ ಕಿವಿಗೆ ಎರಡೇ ಅರ್ಥ ಬೀಳುತ್ತವೆ: ನೀನು ಬೇರೆಯವಳ ಹತ್ತಿರ ಹೋಗಿದ್ದೀಯ, ಇಲ್ಲವೇ ನಾನೇ ಬೇರೆಯವನ ಹತ್ತಿರ ಹೋಗಿದ್ದೇನೆ. ಯಾವುದಾದರೂ ಮನೆ ರಣರಂಗ. ಅವನು ಬಾಗಿಲು ದಡಾರನೆ ಹಾಕಿಕೊಂಡು ಹೋದರೆ ಅಂಗಡಿಯಿಂದ ಮನೆಗೆ ಬರುವ ದಿನಸಿ ಅರ್ಧ ಆಗುತ್ತದೆ. ಅವನು ಹೊಡೆದರೆ ಪೊಲೀಸರನ್ನು ಕರೆಯುವಂತಿಲ್ಲ, ಏಕೆಂದರೆ ಅವನು ಆ ಮನೆಯಲ್ಲಿ ಇರಲೇಬಾರದವನು. ಕರಾರು ಅವಳ ಹೆಸರಿನಲ್ಲಿದ್ದರೂ ಅವಳ ಬಾಯಿಗೆ ಬೀಗ ನಿಮ್ಮದು, ಕೀಲಿ ಅವನ ಜೇಬಿನಲ್ಲಿ.

ಈ ಮಾತು ಬಾಯಲ್ಲಿ ಹೇಳುವುದು ಎಷ್ಟು ಕಷ್ಟವೆಂದು ನನಗೂ ಈಚೆಗೆ ಗೊತ್ತಾಯಿತು. ಹೌದು, ನನ್ನ ಮನೆಯಲ್ಲೂ ಕರಾರಿನಲ್ಲಿಲ್ಲದ ಗಂಡಸಿದ್ದಾನೆ. ಹೆಸರು ಎಫ್ರಾಯಿನ್. ಬರೆದುಕೊಳ್ಳಿ. ಮಿಗ್ದಾಲಿಯಾಳ ಕಾಯಿಲೆ ತಿಳಿದ ಮೇಲೆ, ಬೇರೆಯವರಿಗೆ ಹೇಳುವ ಮೊದಲು ನಾವೇ ಪರೀಕ್ಷೆ ಮಾಡಿಸಿಕೊಳ್ಳಬೇಕೆನಿಸಿತು. ಅವನು ಕಾಫಿ ಕುಡಿಯುತ್ತಿದ್ದಾಗ ಹೇಳಿದೆ.

ಲೋಟ ಕೆಳಗಿಟ್ಟ. “ಅರವತ್ತು ದಾಟಿದ್ಮೇಲೆ ನನ್ನ ಮೇಲೆ ಅನುಮಾನನಾ? ಲಿಫ್ಟು ಕೆಟ್ರೆ ಮೂರನೇ ಮಹಡಿ ಹತ್ತೋಕೇ ಏದುಸಿರು ಬರುತ್ತೆ ನಂಗೆ. ಇನ್ನೆಲ್ಲಿಗೆ ಹೋಗ್ಲಿ?”

“ಅನುಮಾನ ಅಲ್ಲ ಮಾರಾಯ.”

“ಮತ್ತೇನು?”

ಊರಿನವರ ಮಾತನ್ನೆಲ್ಲ ದಾಟಿಸುವವಳಿಗೆ ಅವನಿಗೆ ಹೇಳಲು ಒಂದು ಮಾತು ಹೊಳೆಯಲಿಲ್ಲ. ಕೋಟು ಹಾಕಿಕೊಂಡು ಬಂದ, ಆದರೆ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತ. ಇಬ್ಬರಿಗೂ ಏನೂ ಇಲ್ಲವೆಂದು ಬಂತು. ನನ್ನ ಗಂಡಸು ಮುನಿಸಿಕೊಂಡರೂ ಬರುವಂಥವನು. ಅದು ನನ್ನ ಅದೃಷ್ಟ. ಎಲ್ಲ ಹೆಂಗಸರ ಜೀವವನ್ನೂ ಅದೃಷ್ಟಕ್ಕೆ ಬಿಡುವುದಾದರೆ ನಿಮ್ಮ ಕಚೇರಿ ಯಾಕೆ ಬೇಕು?

ನಾನು ಕೇಳುವುದು ದೊಡ್ಡದೇನಲ್ಲ. ಮನೆಯಲ್ಲಿರುವ ಗಂಡಸಿನ ಹೆಸರನ್ನು ಹೇಳಿದ ಹೆಂಗಸನ್ನು ಆ ಕಾರಣಕ್ಕೆ ಹೊರಹಾಕುವುದಿಲ್ಲವೆಂದು ನಿಮ್ಮ ಸಹಿಯೊಂದಿಗೆ, ಸ್ಪ್ಯಾನಿಷ್‌ನಲ್ಲಿ ಬರೆದು ಪ್ರತಿ ಲಿಫ್ಟಿನ ಪಕ್ಕ ಅಂಟಿಸಿ, ಮುಂದಿನ ತಪಾಸಣೆಗೆ ಮೊದಲು. ಹಳೆಯ ತಪ್ಪಿಗೆ ಶಿಕ್ಷೆ ಮುಗಿಸಿದವರನ್ನು ಕರಾರಿಗೆ ಸೇರಿಸಿಕೊಳ್ಳಿ. ಪರೀಕ್ಷೆಯನ್ನು ಮತ್ತೆ ಶುರುಮಾಡಿ, ಆದರೆ ನಿಮ್ಮ ಛಾವಣಿಯ ಕೆಳಗೆ ಬೇಡ, ಆ ಚಿತ್ರದ ವ್ಯಾನಿನಲ್ಲಂತೂ ಬೇಡ. ಮಕ್ಕಳಿಗೆ ಲಸಿಕೆ ಹಾಕುವ, ರಕ್ತದೊತ್ತಡ ನೋಡುವ ಜಾಗದಲ್ಲೇ ಇದೂ ನಡೆಯಲಿ. ಯಾರು ಯಾವುದಕ್ಕೆ ಬಂದರೆಂದು ಕಿಟಕಿಗಳಿಗೆ ತಿಳಿಯದಿರಲಿ. ಇಷ್ಟು ಮಾಡಿದರೆ ಮಿಗ್ದಾಲಿಯಾ ಅವನ ಹೆಸರು ಹೇಳುತ್ತಾಳೆ. ನನ್ನ ಮುಂದೆ ಮಾತು ಕೊಟ್ಟಿದ್ದಾಳೆ.

ಆದರೆ ನಿಮ್ಮ ಸಹಿ ಬರಲು ಎಷ್ಟು ಕಾಲ ಬೇಕೋ ನನಗೆ ಗೊತ್ತು, ನಮ್ಮ ಲಿಫ್ಟಿನ ದೀಪ ಬರಲು ಒಂದು ವರ್ಷ ಹಿಡಿಯಿತು. ಆ ಇನ್ನೊಬ್ಬಳಿಗೆ ಅಷ್ಟು ಕಾಲವಿಲ್ಲ. ಆದ್ದರಿಂದ ಮಾನ್ಯರೇ, ಉಳಿದ ಮಾತು ನಿಮಗಲ್ಲ. ದಯವಿಟ್ಟು ಸ್ವಲ್ಪ ಸರಿದು ನಿಲ್ಲಿ.

ತಂಗೀ, ನೀನು ಯಾರೆಂದು ನನಗೆ ಗೊತ್ತಿಲ್ಲ. ಅವನು ಎತ್ತರವೋ ಕುಳ್ಳನೋ, ಯಾವ ದಿನ ಬರುತ್ತಿದ್ದನೋ ನಾನು ಬರೆಯುವಂತಿಲ್ಲ. ನಿನಗೆ ಗುರುತು ಸಿಕ್ಕರೆ ಕಚೇರಿಗೂ ಸಿಗುತ್ತದೆ. ಹಾಗಾಗಿ ಕಾಗದದಲ್ಲಿ ಇಲ್ಲದ ಗಂಡಸು ನಿನ್ನ ಮನೆಗೆ ಬರುತ್ತಿದ್ದರೆ, ಈಚೆಗೆ ಬಾರದೆ ಹೋಗಿದ್ದರೆ, ಅವನೇ ಇವನು ಅಂದುಕೋ. ನನ್ನವನು ಒಳ್ಳೆಯವನು ಎನ್ನಬೇಡ. ಇವನೂ ಒಳ್ಳೆಯವನೇ, ಮಕ್ಕಳಿಗೆ ಜಡೆ ಹಾಕುತ್ತಿದ್ದ. ಮಿಗ್ದಾಲಿಯಾಗೆ ನಿನ್ನ ಮೇಲೆ ಸಿಟ್ಟಿಲ್ಲ, ಹಾಗೆಂದು ಬರೆ ಎಂದು ಅವಳೇ ಹೇಳಿದಳು. ಶನಿವಾರ ಬೆಳಿಗ್ಗೆ ನಾನು ಹಸಿರು ಕೋಟು ಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ. ನದಿಯಾಚೆಯ ಆಸ್ಪತ್ರೆಗೆ ಹೋಗೋಣ. ನಿನ್ನೊಬ್ಬಳನ್ನೇ ಕರೆಯುತ್ತಿಲ್ಲ, ಎಲ್ಲ ಕಟ್ಟಡಗಳ ಹೆಂಗಸರನ್ನೂ ಕರೆಯುತ್ತಿದ್ದೇನೆ. ಎಲ್ಲರೂ ಬಂದರೆ ಯಾರೂ ನಿನ್ನೊಬ್ಬಳನ್ನು ಬೆರಳು ಮಾಡಿ ತೋರಿಸಲಾರರು. ನಾನು ಯಾರನ್ನೂ ಏನೂ ಕೇಳುವುದಿಲ್ಲ, ಯಾರ ಫಲಿತಾಂಶವನ್ನೂ ನೋಡುವುದಿಲ್ಲ. ಹಾಗಾಗಿ ನೀನು ಬಂದೆಯೋ ಇಲ್ಲವೋ ನನಗೆ ಎಂದೂ ತಿಳಿಯುವುದಿಲ್ಲ. ಪ್ರತಿ ಶನಿವಾರವೂ ನಿಲ್ಲುತ್ತೇನೆ.

ಇಂತಿ,
ಈ ಪತ್ರ ಅಚ್ಚಾದ ಮೇಲೆ ಇನ್ನೆಷ್ಟು ಕಾಲ ನಿಮ್ಮ ಬಾಡಿಗೆದಾರಳಾಗಿರುತ್ತೇನೋ ತಿಳಿಯದ,
ಎನೈಡಾ ಮಾಂಗ್ವಾಲ್
ನಾಲ್ಕನೇ ಕಟ್ಟಡ, ಮೂರನೇ ಮಹಡಿ